ಮಲೆಗಿರಿ ಹಕ್ಕಿ

ನಮ್ಮ ಮನೆಯಲ್ಲಿ ಯಾರೂ ಒಂದು ಕಡೆ ಕೂರುತ್ತಿರಲಿಲ್ಲ. ಯಲ್ಲಾಪುರದ ದನದ ಆಸ್ಪತ್ರೆಯ ಹಿಂದಿದ್ದ ಸರಕಾರಿ ಮನೆ ಅದು; ಎರಡು ಕೋಣೆ, ಒಂದು ಅಡಿಗೆಮನೆ, ಹಿತ್ತಲಲ್ಲಿ ಬಚ್ಚಲು. ಅಷ್ಟು ಸಣ್ಣ ಜಾಗದಲ್ಲಿ ಆಯಿ, ಅಂದರೆ ನಮ್ಮ ಅಮ್ಮ, ದಿನವಿಡೀ ನಡೆದಷ್ಟನ್ನು ರಸ್ತೆಯ ಮೇಲೆ ನಡೆದಿದ್ದರೆ ಘಟ್ಟ ಇಳಿದು ಅಂಕೋಲೆ ಮುಟ್ಟುತ್ತಿದ್ದಳು. ಅಪ್ಪಯ್ಯ ಆಸ್ಪತ್ರೆಯ ಕಂಪೌಂಡರ್. ಯಾರದೋ ಎಮ್ಮೆಗೆ ಕರು ಅಡ್ಡ ಸಿಕ್ಕಿದೆ ಎಂದು ಕರೆ ಬಂದರೆ ಮಜ್ಜಿಗೆ ಅನ್ನ ಎಲೆಯಲ್ಲೇ ಬಿಟ್ಟು ಸೈಕಲ್ ಹತ್ತುತ್ತಿದ್ದ. ಅಣ್ಣ ಶ್ರೀಪಾದ ಪಿಯುಸಿಯಲ್ಲಿ ಫೇಲಾಗಿ, ಮತ್ತೆ ಕಟ್ಟುತ್ತೇನೆ ಎಂದು ಹೇಳುತ್ತ, ಕಟ್ಟದೆ, ಅಪ್ಪಯ್ಯನ ಹಿಂದೆ ಹಳ್ಳಿ ಹಳ್ಳಿ ಸುತ್ತುತ್ತಿದ್ದ. ಅಕ್ಕ ಸುಮ ಹೊಲಿಗೆ ಹಿಡಿದರೆ ಅರ್ಧಕ್ಕೆ ಬಿಡುತ್ತಿದ್ದಳು. ಕೊನೆಯವಳಾದ ನನಗೆ ಇದ್ದದ್ದು ಬೇರೆ ತರದ ಚಡಪಡಿಕೆ. ಯಾವ ಹೆಸರು ಕಿವಿಗೆ ಬಿದ್ದರೂ ಹಾಗೆಂದರೇನು ಎಂದು ಕೇಳುವುದು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೂ ಅದು ಹೋಗಿಲ್ಲ. ಅದು ಹತ್ತಿಕೊಂಡದ್ದು ಆ ಮನೆಯಲ್ಲಿ, ಒಂದು ಹಕ್ಕಿಯ ಹೆಸರಿನಿಂದ.

ಅಪ್ಪಯ್ಯನ ಕೆಲಸದಲ್ಲಿ ಆಯಿಗೆ ಒಪ್ಪಿಗೆಯಾಗದ ಭಾಗವೆಂದರೆ ಕೋಳಿ. ದನ ಮುಟ್ಟಿ ಬಂದರೆ ಕೈಕಾಲು ತೊಳೆದರೆ ಸಾಕು. ಕೋಳಿಗೆ ಚುಚ್ಚುಮದ್ದು ಹಾಕಿ ಬಂದ ದಿನ ಮಾತ್ರ ಅಪ್ಪಯ್ಯ ಹಿತ್ತಲಿಂದಲೇ ಬಚ್ಚಲಿಗೆ ಹೋಗಿ, ಮಿಂದು, ಒಣಗಿದ ಪಂಚೆ ಉಟ್ಟು ಒಳಗೆ ಬರಬೇಕು. ಅಣ್ಣನಿಗೂ ಅದೇ ಕಟ್ಟಳೆ. ಅವನೋ ಕೋಳಿಯ ಹುಚ್ಚಿನವನು. ಯಾವ ಮರಿ ಬದುಕುತ್ತದೆ, ಯಾವುದಕ್ಕೆ ರೋಗ ಬಂದಿದೆ ಎಂದು ನೋಡಿಯೇ ಹೇಳುತ್ತಿದ್ದ. ಮುಂದೊಂದು ದಿನ ಕೋಳಿ ಸಾಕುತ್ತೇನೆ ಎಂದು ಅಕ್ಕನ ಮತ್ತು ನನ್ನ ಹತ್ತಿರ ಮಾತ್ರ ಹೇಳಿದ್ದ. ಹವ್ಯಕ ಬ್ರಾಹ್ಮಣರ ಮಾಣಿ ಕೋಳಿ ಸಾಕುವುದೆಂದರೆ ನಾವು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೆವು.

ಒಂದು ಬೇಸಗೆಯಲ್ಲಿ ನಮ್ಮ ಅಡಿಗೆಮನೆಗೆ ನಾಗರಹಾವು ಬಂತು. ಆಸ್ಪತ್ರೆಯ ಹುಲ್ಲಿನ ಕೊಟ್ಟಿಗೆ ಪಕ್ಕದಲ್ಲೇ ಇದ್ದುದರಿಂದ ಇಲಿ ಜಾಸ್ತಿ, ಇಲಿಯ ಹಿಂದೆ ಹಾವು. ಆಯಿ ಹಾಲಿನ ಪಾತ್ರೆಗೆ ಕೈ ಚಾಚಿದವಳು ಹಾಗೇ ನಿಂತುಬಿಟ್ಟಳು. ಹೊಡೆಯುವ ಹಾಗಿಲ್ಲ, ನಾಗ. ಅದು ತಾನಾಗಿ ಹೋಗುವವರೆಗೆ ನಾವೆಲ್ಲ ಅಂಗಳದಲ್ಲಿ ನಿಂತೆವು. ಇದಾಗಿ ಕೆಲವು ದಿನಕ್ಕೆ ಅಣ್ಣನ ಗೆಳೆಯ ಇಕ್ಬಾಲ್, ಹುಬ್ಬಳ್ಳಿಗೆ ಲಾರಿ ಹೊಡೆಯುತ್ತಿದ್ದವನು, ಒಂದು ಬಿದಿರಿನ ಬುಟ್ಟಿ ತಂದು ಅಂಗಳದಲ್ಲಿ ಇಳಿಸಿದ. ಬುಟ್ಟಿಯೊಳಗೆ ತುಕ್ಕು ಹಿಡಿದ ರಾಟೆಯಂಥ ಸದ್ದು. ಅಣ್ಣ ಮುಚ್ಚಳ ತೆಗೆದ. ಬೂದುಗಪ್ಪು ಮೈಯ ತುಂಬ ಬಿಳಿ ಬೊಟ್ಟು, ಬೋಳು ತಲೆಯ ಮೇಲೆ ಮೂಳೆಯ ಸಣ್ಣ ಕೋಡು, ಗಲ್ಲದ ಕೆಳಗೆ ಜೋತ ಕೆಂಪು ತೊಗಲು. ನಾಲ್ಕು ಹಕ್ಕಿಗಳು ಹೊರಗೆ ಹಾರಿ ಅಂಗಳವನ್ನೆಲ್ಲ ಓಡಿ ಅಳೆದವು.

“ಎಂತದೋ ತಮಾ ಅದು?” ಎಂದಳು ಆಯಿ.

“ಗಿನಿ ಹೇಳ್ತ ಆಯಿ. ಹಾವು ಕಂಡ್ರೆ ಕೂಗಿ ಓಡಿಸ್ತ. ನಂಗ ಕೊಲ್ಲದೂ ಬೇಡ, ಹೆದ್ರದೂ ಬೇಡ.”

ಅಣ್ಣ ಎಚ್ಚರದಿಂದ ನುಂಗಿದ ಅರ್ಧವನ್ನು ಪಾಪದ ಇಕ್ಬಾಲ್ ಪೂರ್ತಿ ಮಾಡಿದ.

“ಗಿನಿ ಕೋಳಿ ಅಂತಾರ್ರೀ ಅಮ್ಮಾ. ಭಾಳ ಛಲೋ ಕೋಳಿ!”

“ಕೋಳಿಯ? ಈ ಮನೆಗೆ?”

ಆಯಿಯ ದನಿಗೆ ಹಕ್ಕಿಗಳೇ ಒಂದು ಗಳಿಗೆ ಸುಮ್ಮನಾದವು. ಅಷ್ಟರಲ್ಲಿ ಆಸ್ಪತ್ರೆಯಿಂದ ಬಂದ ಅಪ್ಪಯ್ಯ, ಮಗನ ಮುಖ ನೋಡಿ, ಜೀವನದಲ್ಲಿ ಅಪರೂಪಕ್ಕೆ ಮಾಡುತ್ತಿದ್ದ ಒಂದು ಕೆಲಸ ಮಾಡಿದ. ಆಯಿಗೆ ಎದುರಾಡಿದ.

“ಕೋಳಿ ಅಲ್ದೇ ಇದು. ಕೋಳಿಗೆ ಶಾಸ್ತ್ರದಲ್ಲಿ ಗ್ಯಾಲಸ್ ಹೇಳ್ತ. ಇದರ ಹೆಸರೇ ಬೇರೆ. ನುಮಿಡಾ ಮೆಲಿಯಾಗ್ರಿಸ್.”

“ಯಾವ ಶಾಸ್ತ್ರ?”

“ಪ್ರಾಣಿಶಾಸ್ತ್ರ.”

ಶಾಸ್ತ್ರ ಎಂದ ಮೇಲೆ ಆಯಿ ತಡವರಿಸಿದಳು. ಆ ಹೆಸರನ್ನು ಬಾಯಲ್ಲಿ ಒಂದೆರಡು ಸಲ ಹೊರಳಿಸಿ ನೋಡಿದಳು. ಮೆಲಿಯಾಗ್ರಿಸ್ ಆಕೆಯ ನಾಲಗೆಯ ಮೇಲೆ ಮಲೆಗಿರಿ ಆಯಿತು. ಮಲೆ, ಗಿರಿ; ಎರಡೂ ನಮ್ಮವೇ ಶಬ್ದ. ಗುಡ್ಡದ ಹಕ್ಕಿಯಿರಬೇಕು ಎಂದುಕೊಂಡಳು. “ಜಗಲಿ ಹತ್ತಲಾಗ, ಮತ್ತೆ” ಎಂದಷ್ಟೇ ಹೇಳಿ ಒಳಗೆ ಹೋದಳು. ಹೀಗೆ ಕೋಳಿಗೆ ಜಾಗವಿಲ್ಲದ ಮನೆಯೊಳಗೆ ನಾಲ್ಕು ಮಲೆಗಿರಿ ಹಕ್ಕಿಗಳು ಹೆಸರಿನ ಬಲದ ಮೇಲೆ ಸೇರಿಕೊಂಡವು.

ಈ ಹೆಸರಿನ ಬುಡಕ್ಕೆ ಕೈ ಹಾಕಿದವನು ಸೋಂದೆಯ ಕಡೆಯ ನಮ್ಮ ಸೋದರಮಾವ. ಆಯಿಯ ತಂದೆತಾಯಿ ಬೇಗ ತೀರಿಕೊಂಡದ್ದರಿಂದ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಈ ಅಣ್ಣನೇ. ಪೌರೋಹಿತ್ಯ ಅವನ ವೃತ್ತಿ, ವ್ಯಾಕರಣ ಅವನ ಪ್ರೀತಿ. ಅವನು ಬರುವ ದಿನ ಆಯಿಯ ನಡಿಗೆ ಇನ್ನೂ ಚುರುಕಾಗುತ್ತಿತ್ತು; ಸಿಹಿ ತೊಡದೇವಿನ ಡಬ್ಬಿ ಕೆಳಗಿಳಿಯುತ್ತಿತ್ತು. ಆ ಸಲ ಮಾವ ಅಂಗಳದಲ್ಲಿ ಕೊಡೆ ಮಡಿಸುತ್ತ ಹಕ್ಕಿಗಳನ್ನು ಬಹಳ ಹೊತ್ತು ನೋಡಿದ. ಅಪ್ಪಯ್ಯ ತನ್ನ ಮಂತ್ರ ಹೇಳಿದ.

“ಹೆಸರು ಹೇಳಿದ್ರೆ ಮುಗೀತಿಲ್ಲೆ ಭಾವ. ಅರ್ಥ ಎಂತು?”

“ನುಮಿಡಾ ಹೇಳಿರೆ ನುಮಿಡಿಯಾ ದೇಶದ್ದು. ಆಫ್ರಿಕಾದಲ್ಲಿ ಇತ್ತಡ, ಹಿಂದೆ. ಮೆಲಿಯಾಗ್ರಿಸ್... ಅದು ಎಂಗೆ ಗೊತ್ತಿಲ್ಲೆ.”

“ಅರ್ಥ ಇಲ್ದೇ ಇದ್ದ ಶಬ್ದ ಹೆಸರಲ್ಲ, ಗಲಾಟೆ” ಎಂದ ಮಾವ. “ಅದು ತಿಳಿವವರೆಗೆ ಎಂಗೆ ಇದು ಕೋಳಿಯೇ ಸೈ.”

ನಕ್ಕೇ ಹೇಳಿದ್ದ. ಆದರೆ ಊಟಕ್ಕೆ ಕೂತಾಗ ಜಗಲಿಯ ಕಡೆ ಬೆನ್ನು ಮಾಡಿ ಕೂತ. ಆಯಿ ಅದನ್ನು ನೋಡಿದಳು.

ಜಗಳವಾದದ್ದು ಅಪ್ಪಯ್ಯನ ತಂದೆಯ ತಿಥಿಯ ದಿನ. ಮಾವನೇ ಮಾಡಿಸಲು ಬಂದಿದ್ದ. ಹಕ್ಕಿಗಳನ್ನು ಬೆಳಿಗ್ಗೆಯೇ ಹುಲ್ಲಿನ ಕೊಟ್ಟಿಗೆಯಲ್ಲಿ ಕೂಡಿ ಹಾಕಿದ್ದೆವು. ಆದರೆ ಹುಲ್ಲು ತೆಗೆಯಲು ಬಂದ ಯಾರೋ ಬಾಗಿಲು ತೆರೆದರು. ಪಿಂಡಕ್ಕೆ ಅನ್ನ ಕಲಸಿಟ್ಟ ಹೊತ್ತಿಗೆ ಒಂದು ಹಕ್ಕಿ ಎಲ್ಲರ ಕಣ್ಣೆದುರೇ ಜಗಲಿ ಹತ್ತಿ, ಒಳಗೆ ಬಂದು, ಎಲೆಯ ಅಂಚಿಗೆ ಕೊಕ್ಕು ತಾಗಿಸಿತು. ಮಾವ ಎದ್ದ. ಕೈಗೆ ಸಿಕ್ಕ ಸೌದೆ ತುಂಡು ಎತ್ತಿ ಎಸೆದ. ಹಕ್ಕಿ ಕಾಲು ಮುರಿದುಕೊಂಡು ಒಂದೇ ಕಡೆ ಗಿರಗಿರನೆ ತಿರುಗತೊಡಗಿತು. ಮಾವ ಇನ್ನೊಂದು ತುಂಡಿಗೆ ಕೈ ಹಾಕಿದಾಗ ಅಣ್ಣ ಅಡ್ಡ ಬಂದು ಅವನ ರಟ್ಟೆ ಹಿಡಿದ. ಮಾವ ಕೊಸರಿದ, ಅಣ್ಣ ಬಿಡಲಿಲ್ಲ. ಆ ಎಳೆದಾಟದಲ್ಲಿ ಮಾವನ ಜನಿವಾರ ಕಿತ್ತು ಅಣ್ಣನ ಬೆರಳಿಗೆ ಸುತ್ತಿಕೊಂಡು ಬಂತು.

ಅಣ್ಣ ತನ್ನ ಕೈ ನೋಡಿಕೊಂಡ. ತಪ್ಪಾಯಿತು ಎನ್ನಲು ಬಾಯಿ ತೆರೆದ ಎಂದೇ ನಾನು ಇವತ್ತಿಗೂ ನಂಬಿದ್ದೇನೆ. ಆದರೆ ಆಯಿಯ ಮಾತು ಮೊದಲು ಬಂತು.

“ಎನ್ನ ಅಣ್ಣನ ಮೈಮೇಲೆ ಹೋದ ಕೈ ಈ ಮನೇಲಿ ಉಂಬಲಾಗ.”

“ಆಯಿ...”

“ಹೋಗು.”

ಅವನು ಹೋದ. ಒದ್ದೆ ಪಂಚೆಯಲ್ಲೇ ಹೋಗಿ, ಗೇಟಿನ ಹತ್ತಿರ ನಿಂತು, ಒಂದು ಸಲ ಅಪ್ಪಯ್ಯನ ಕಡೆ ನೋಡಿ ರಸ್ತೆಗಿಳಿದ. ಸುಮಕ್ಕ ಅಂಗಿ ಹಿಡಿದುಕೊಂಡು ಹಿಂದೆ ಓಡಿದಳು. ಮಾವ ಹೊಸ ಜನಿವಾರ ಹಾಕಿಕೊಂಡು, ಮತ್ತೆ ಮಿಂದು ತಿಥಿ ಪೂರೈಸಿದ. ಅಪ್ಪಯ್ಯ ಅದೇ ಮಧ್ಯಾಹ್ನ ಹಿತ್ತಲಲ್ಲಿ ಕೂತು ಬಿದಿರ ಕಡ್ಡಿ ಕಟ್ಟಿ ಹಕ್ಕಿಯ ಕಾಲು ಕೂಡಿಸಿದ. ಹಕ್ಕಿಗಳನ್ನೂ ಕಳಿಸಿಬಿಡು ಎಂದು ಮಾವ ಹೇಳಿದಾಗ ಅಪ್ಪಯ್ಯ ತಲೆಯೆತ್ತದೆ, “ಮಾಣಿ ಹೋತು. ಹಕ್ಕಿ ಇರ್ತು” ಎಂದ.

ಆಮೇಲಿನ ದಿನಗಳನ್ನು ನೆನೆದರೆ ನನಗೆ ಈಗಲೂ ಕೂತಲ್ಲಿಂದ ಏಳಬೇಕೆನಿಸುತ್ತದೆ. ಹಾವಿಗಷ್ಟೇ ಕೂಗಬೇಕಾದ ಹಕ್ಕಿಗಳು ಗೇಟಿನ ಹತ್ತಿರ ಯಾರು ಬಂದರೂ ಕೂಗುತ್ತಿದ್ದವು. ಬಸ್ಸು ನಿಂತರೆ ಕೂಗು, ಅಂಚೆಯವನು ಬಂದರೆ ಕೂಗು, ರೋಗದ ದನ ಹೊಡೆದುಕೊಂಡು ಬಂದವರಿಗೆ ಕೂಗು. ಪ್ರತಿ ಕೂಗಿಗೂ ಆಯಿ ಸೌಟು ಹಿಡಿದೇ ಜಗಲಿಗೆ ಬರುತ್ತಿದ್ದಳು. ಯಾರೆಂದು ನೋಡಿ, ಸೌಟಿನಿಂದ ಸಾರು ತೊಟ್ಟಿಕ್ಕುತ್ತಿರುವುದನ್ನು ಆಗ ಗಮನಿಸಿ, ನಮಗೆ ಬೈದು ಒಳಗೆ ಹೋಗುತ್ತಿದ್ದಳು. ಅಣ್ಣ ಸಿದ್ದಾಪುರದ ಹತ್ತಿರ ಒಬ್ಬರ ಕೋಳಿ ಶೆಡ್ಡಿನಲ್ಲಿ ಕೆಲಸಕ್ಕಿದ್ದಾನೆಂದು ಇಕ್ಬಾಲ್ ಅಪ್ಪಯ್ಯನಿಗೆ ತಿಳಿಸಿದ್ದ. ನಮಗೂ ಗೊತ್ತಿತ್ತು. ನಮಗೆ ಗೊತ್ತಿದೆಯೆಂದು ಆಯಿಗೂ ಗೊತ್ತಿತ್ತು. ಅವಳು ಕೇಳಲಿಲ್ಲ, ನಾವು ಹೇಳಲಿಲ್ಲ. ಊಟಕ್ಕೆ ಕೂತಾಗ ಅವನ ಮಣೆಯ ಜಾಗ ಬಿಟ್ಟೇ ಕೂರುತ್ತಿದ್ದೆವು. ಸುಮಕ್ಕ ಊಟದ ನಡುವೆ ಕಾರಣವಿಲ್ಲದೆ ಅಳುತ್ತಿದ್ದಳು. “ಖಾರ ಆತ?” ಎಂದು ಆಯಿ ಕೇಳಿದರೆ ಹೌದೆನ್ನುತ್ತಿದ್ದಳು.

ನನ್ನ ತಲೆಯಲ್ಲಿ ಆಗ ಒಂದು ಲೆಕ್ಕವಿತ್ತು. ಅರ್ಥ ತಿಳಿಯುವವರೆಗೆ ಕೋಳಿ ಎಂದಿದ್ದ ಮಾವ. ಅರ್ಥ ತಿಳಿದರೆ? ಹಕ್ಕಿ ಕೋಳಿಯಲ್ಲ ಎಂದಾಗುತ್ತದೆ, ತಿಥಿ ಕೆಟ್ಟಿಲ್ಲ ಎಂದಾಗುತ್ತದೆ, ಸೌದೆ ಎಸೆದದ್ದು ಮಾವನ ತಪ್ಪಾಗುತ್ತದೆ, ಅಣ್ಣ ಮನೆಗೆ ಬರುತ್ತಾನೆ. ಎಲ್ಲ ಒಂದು ಶಬ್ದದ ಮೇಲೆ ನಿಂತಿದೆ ಎಂದು ನಂಬಿದೆ. ಹೈಸ್ಕೂಲಿನ ಮೇಷ್ಟ್ರನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಮೆಲಿಯಾಗ್ರಿಸ್ ಅಂದ್ರೆ ಟರ್ಕಿ ಕೋಳಿ ಅಲ್ವೇನೇ?” ಎಂದರು. ಅಲ್ಲಿಯೂ ಕೋಳಿ! ಆ ಮಾತನ್ನು ಮನೆಯಲ್ಲಿ ಯಾರಿಗೂ ಹೇಳದೆ ನುಂಗಿಕೊಂಡೆ.

ಉತ್ತರ ಸಿಕ್ಕಿದ್ದು ಶಿರಸಿಯಲ್ಲಿ ಪಿಯುಸಿಗೆ ಸೇರಿದ ಮೇಲೆ. ಪ್ರಾಣಿಶಾಸ್ತ್ರದ ಸರ್ ವಯಸ್ಸಾದವರು, ಕ್ಲಾಸಿನಲ್ಲಿ ಮೇಜಿನ ಮೇಲೆ ಕೂತು ಪಾಠ ಮಾಡುತ್ತಿದ್ದರು. ಪ್ರಾಣಿಗಳ ಲ್ಯಾಟಿನ್ ಹೆಸರುಗಳನ್ನು ನೆಂಟರ ಹೆಸರಿನಂತೆ ಹೇಳುತ್ತಿದ್ದರು. ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಧೈರ್ಯ ಮಾಡಿ ಕೇಳಿದೆ.

“ಗಿನಿ ಕೋಳಿ ಹೆಸರು ನಿಂಗೆ ಯಾಕೆ ಬೇಕು ಮಾರಾಯ್ತಿ? ಸಿಲೆಬಸ್ಸಲ್ಲಿ ಇಲ್ಲ.”

“ಮನೇಲಿ ಇದ್ದು ಸರ್.”

ಅವರು ನಕ್ಕು ಕೂರಲು ಹೇಳಿದರು. ಆಫ್ರಿಕಾದ ಉತ್ತರ ಅಂಚಿನ ನುಮಿಡಿಯಾದಿಂದ ಈ ಹಕ್ಕಿಗಳು ರೋಮಿನವರಿಗೆ ಸಿಕ್ಕವಂತೆ. “ಅವ್ರು ಇದನ್ನ ನುಮಿಡಿಯಾದ ಕೋಳಿ ಅಂತ್ಲೇ ಕರೀತಿದ್ರು” ಎಂದರು. ನನ್ನ ಲೆಕ್ಕ ಅಲ್ಲೇ ಮುರಿಯಿತು. ಅರ್ಥ ಗೊತ್ತಿದೆ ಎಂದು ಅಪ್ಪಯ್ಯ ಹೇಳಿದ್ದ ಅರ್ಧದಲ್ಲೇ ಕೋಳಿ ಅಡಗಿತ್ತು. ಉಳಿದರ್ಧ ಗ್ರೀಕರದು. ಮೆಲಿಯಾಗ್ರೊಸ್ ಎಂಬ ರಾಜಕುಮಾರ ಹುಟ್ಟಿದಾಗ ವಿಧಿಯ ದೇವತೆಗಳು ಬಂದು, ಒಲೆಯಲ್ಲಿ ಉರಿಯುತ್ತಿರುವ ಈ ಕೊಳ್ಳಿ ಬೂದಿಯಾಗುವವರೆಗೆ ಮಾತ್ರ ಇವನ ಆಯುಷ್ಯ ಎಂದರಂತೆ. ತಾಯಿ ಕೊಳ್ಳಿಯನ್ನು ಎಳೆದು, ಆರಿಸಿ, ಪೆಟ್ಟಿಗೆಯಲ್ಲಿ ಮುಚ್ಚಿಟ್ಟಳು. ಮಗ ದೊಡ್ಡವನಾಗಿ ಒಂದು ಹಂದಿಬೇಟೆಯ ಜಗಳದಲ್ಲಿ ತಾಯಿಯ ಅಣ್ಣತಮ್ಮಂದಿರನ್ನು ಕೊಂದ. ತಾಯಿ ಸಿಟ್ಟಿನಲ್ಲಿ ಆ ಕೊಳ್ಳಿ ತೆಗೆದು ಬೆಂಕಿಗೆ ಹಾಕಿದಳು. ಎಲ್ಲೋ ಇದ್ದ ಮಗ ಸುಟ್ಟು ಸತ್ತ. ಅವನ ತಂಗಿಯರು ಅಳು ನಿಲ್ಲಿಸಲೇ ಇಲ್ಲ. ದೇವತೆಯೊಬ್ಬಳು ನೋಡಲಾರದೆ ಅವರನ್ನು ಹಕ್ಕಿಗಳನ್ನಾಗಿ ಮಾಡಿದಳು. ರೆಕ್ಕೆಯ ಮೇಲಿನ ಬಿಳಿ ಬೊಟ್ಟೆಲ್ಲ ಅವರ ಕಣ್ಣೀರು.

“ಮತ್ತೆ ಟರ್ಕಿ ಕೋಳಿ ಸರ್?”

“ಅದು ಎಡವಟ್ಟು. ಅಮೆರಿಕದಿಂದ ಆ ಹಕ್ಕಿ ಬಂದಾಗ ಯುರೋಪಿನವ್ರಿಗೆ ಎರಡೂ ಒಂದೇ ಥರ ಕಂಡ್ವು. ಹೆಸರು ಇದರದು, ಹೋಗಿ ಕೂತದ್ದು ಅದರ ಮೇಲೂ” ಎಂದ ಸರ್, ನನ್ನ ಮುಖ ನೋಡಿ ನಿಲ್ಲಿಸಿದರು. “ಯಾಕೆ ಅಳ್ತಿದೀಯಾ?”

ಆ ವಾರ ಹಾಸ್ಟೆಲಿನಲ್ಲಿ ನನಗೆ ಪುಸ್ತಕ ಹಿಡಿಯಲಾಗಲಿಲ್ಲ. ಮಾವನ ಮುಂದೆ ಇಡಲು ಹುಡುಕಿದ ಅರ್ಥ ಮಾವನಿಗೆ ಸಂಬಂಧಪಟ್ಟದ್ದಾಗಿರಲಿಲ್ಲ. ಅದನ್ನು ಹೇಳಬೇಕಾದದ್ದು ಆಯಿಗೆ, ಮತ್ತು ಆಯಿಗೆ ಹೇಳುವುದೆಂದರೆ ಅವಳ ಮುಖದ ಮೇಲೆ ಹೊಡೆದಂತೆ. ಬೇಡವೆಂದು ತೀರ್ಮಾನಿಸಿ ರಜೆಗೆ ಬಸ್ಸು ಹತ್ತಿದೆ. ಹೇಳಿಬಿಡಬೇಕೆಂದು ಇಳಿದೆ.

ಆಯಿ ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದಳು. ಸುಮಕ್ಕ ಉಂಡೆ ಮಾಡುತ್ತಿದ್ದಳು, ಆಯಿ ಒತ್ತುತ್ತಿದ್ದಳು. ಹಕ್ಕಿಗಳು ಚಾಪೆಯ ಸುತ್ತ ಹೊಂಚುತ್ತಿದ್ದವು, ಕುಂಟುವುದೂ ಸೇರಿ. ನಾನು ಪಕ್ಕದಲ್ಲಿ ಕೂತು, ಆಯಿಯ ಮುಖ ನೋಡದೆ, ಬಾಳೆಲೆಗೆ ಎಣ್ಣೆ ಸವರುತ್ತ, ಸರ್ ಹೇಳಿದ್ದನ್ನು ಹೇಳಿದೆ. ಕೋಳಿಯ ಮಾತನ್ನೂ ಮುಚ್ಚಿಡಲಿಲ್ಲ. ಕೊಳ್ಳಿಯ ಮಾತಿಗೆ ಬಂದಾಗ ಸುಮಕ್ಕನ ಕೈ ನಿಂತಿತು. ಆಯಿಯ ಕೈ ನಿಲ್ಲಲಿಲ್ಲ. ಕಥೆ ಮುಗಿದ ಮೇಲೂ ಒತ್ತುತ್ತಲೇ ಇದ್ದಳು; ಹಪ್ಪಳ ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ಎಲೆಗೆ ಅಂಟಿ ಹರಿಯಿತು.

“ಕೊಳ್ಳಿ ಹಾಕಿದ ಮೇಲೆ ಆ ತಾಯಿಗೆ ತೆಗವಲೆ ಬತ್ತಿತ್ತಿಲ್ಯ?” ಎಂದಳು.

“ಗೊತ್ತಿಲ್ಲೆ ಆಯಿ. ಹೊತ್ತು ಮೀರಿತ್ತನ.”

“ಒಂದ್ಸಲ ತೆಗದು ಗೊತ್ತಿತ್ತಲೇ ಅದಕ್ಕೆ. ಹುಟ್ಟಿದಾಗ ತೆಗದಿತ್ತಲೇ” ಎಂದಳು ಆಯಿ, ಸಿಟ್ಟಿನಿಂದ. ಯಾರ ಮೇಲೆ ಸಿಟ್ಟೋ ತಿಳಿಯಲಿಲ್ಲ. ಎದ್ದಳು. ಹಿಟ್ಟಿನ ಕೈಯಲ್ಲೇ ಗೇಟಿನವರೆಗೆ ಹೋದಳು, ವಾಪಸು ಬಂದಳು, ಮತ್ತೆ ಹೋದಳು. ಹಕ್ಕಿಗಳು ಚಾಪೆಗೆ ನುಗ್ಗಿ ಹಪ್ಪಳ ಕುಕ್ಕತೊಡಗಿದವು. ಓಡಿಸಲು ನಮಗೂ ನೆನಪಾಗಲಿಲ್ಲ.

“ನಾಳೆ ಸಿದ್ದಾಪುರಕ್ಕೆ ಬಸ್ಸು ಎಷ್ಟೊತ್ತಿಗಿದ್ದು?” ಎಂದಳು.

ಬೆಳಿಗ್ಗೆ ನಾನು, ಆಯಿ ಇಬ್ಬರೇ ಹೊರಟೆವು. ಅಪ್ಪಯ್ಯ ಬರಲಿಲ್ಲ, ಬಸ್ಸಿನವರೆಗೆ ಬಂದು, ಕಿಟಕಿಯಿಂದ ಚೀಲ ಕೊಟ್ಟು, ಏನೋ ಹೇಳಹೊರಟು ಸೈಕಲ್ ಬೆಲ್ಲು ಒರೆಸುತ್ತ ನಿಂತ. ಶಿರಸಿಯಲ್ಲಿ ಬಸ್ಸು ಬದಲಿಸುವಾಗ ಮಾವನ ಕಡೆಯವರು ಯಾರಾದರೂ ಕಂಡಾರೆಂದು ನಾನು ಹೆದರಿದ್ದೆ. ಆಯಿ ತಲೆಯೆತ್ತಿಕೊಂಡೇ ನಡೆದಳು. ಸಿದ್ದಾಪುರದಲ್ಲಿ ಇಳಿದು, ದಾರಿ ಕೇಳಿಕೊಂಡು ಹೋದಂತೆ ಮೊದಲು ಬಂದದ್ದು ವಾಸನೆ. ಆಯಿ ಸೆರಗು ಮೂಗಿಗೆ ಒಯ್ದಳು, ಮತ್ತೆ ತಾನೇ ಇಳಿಸಿದಳು. ಉದ್ದನೆಯ ಶೆಡ್ಡು, ಜಾಲರಿಯ ಗೋಡೆ. ಒಳಗೆ ಬಲ್ಬಿನ ಬೆಳಕಿನಲ್ಲಿ ಹಳದಿ ಮರಿಗಳು ನೆಲವೇ ಚಲಿಸಿದಂತೆ ಹೊರಳುತ್ತಿದ್ದವು. ಅವುಗಳ ನಡುವೆ ಅಣ್ಣ ಕುಕ್ಕುರುಗಾಲಲ್ಲಿ ಕೂತು ನೀರಿನ ತಟ್ಟೆ ತೊಳೆಯುತ್ತಿದ್ದ. ಗಡ್ಡ ಬಂದಿತ್ತು. ನಮ್ಮನ್ನು ನೋಡಿ ಎದ್ದವನು ಕಾಲಡಿಯ ಮರಿಗಳಿಂದಾಗಿ ಬೇಗ ಬರಲಾಗದೆ, ಪಾದ ಸರಿಸುತ್ತ ಸರಿಸುತ್ತ ಬಾಗಿಲಿಗೆ ಬಂದ.

“ಆಯಿ, ಒಳಗೆ ಬರಡ. ಮೈಲಿಗೆ.”

ಆಯಿ ಚಪ್ಪಲಿ ಬಿಟ್ಟು, ದೇವಸ್ಥಾನಕ್ಕೆ ಹೋಗುವವಳಂತೆ, ಬರಿಗಾಲಲ್ಲಿ ಒಳಗೆ ಕಾಲಿಟ್ಟಳು. ಮರಿಗಳು ಪಾದದ ಮೇಲೆ ಹತ್ತಿದವು. ಅವಳು ಅಲ್ಲಾಡಲಿಲ್ಲ.

“ಬಾಯಾರಿಕೆ ಆತು. ನೀರು ಕೊಡು.”

“ಇಲ್ಲಿ ಕೊಡಪಾನನೂ ಮೈಲಿಗೆ...”

“ಕೊಡು ಹೇಳಿದೆ.”

ಅವನು ಕೊಟ್ಟ. ಎತ್ತಿ ಕುಡಿಯದೆ ಲೋಟಕ್ಕೆ ಬಾಯಿ ಹಚ್ಚಿ ಕುಡಿದಳು. ಅಣ್ಣ ಗೋಡೆಯ ಕಡೆ ತಿರುಗಿ ನಿಂತ. ಶೆಡ್ಡಿನ ತುದಿಯಲ್ಲಿ ಅವನದೊಂದು ಕೋಣೆ. ಸ್ಟೋವಿನ ಮೇಲೆ ತಳ ಹಿಡಿದ ಅನ್ನ. ಆಯಿ ಪಾತ್ರೆ ತಿಕ್ಕಿದಳು, ಹೊಸದಾಗಿ ಅನ್ನ ಮಾಡಿದಳು, ಚೀಲದಿಂದ ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದಳು. ಮೂವರೂ ನೆಲದ ಮೇಲೆ ಕೂತು ಉಂಡೆವು. ಊಟದ ನಡುವೆ ಅಣ್ಣ ಹೇಳಿದ:

“ಆನು ಬತ್ನಿಲ್ಲೆ ಆಯಿ. ಸಿಟ್ಟಲ್ಲ. ಎಂಗೆ ಈ ಕೆಲಸ ಬೇಕು. ಮನೇಲಿ ಕೂತು ಆಗ್ತಿಲ್ಲೆ.”

“ಬಾ ಹೇಳಲೆ ಬಂದಿದ್ದಲ್ಲ. ಯಾವಾಗ ಬೇಕಾದ್ರೂ ಬಪ್ಪಲಕ್ಕು ಹೇಳಲೆ ಬಂದಿದ್ದು” ಎಂದಳು ಆಯಿ. ಅವನ ತಟ್ಟೆಗೆ ಮತ್ತೆ ಅನ್ನ ಹಾಕಿದಳು. “ಬಂದ್ರೆ ನಿನ್ನ ಮಣೆ ಇದ್ದು. ಮಿಂದು ಬಾ, ಅಷ್ಟೇ.”

ಅವನು ನಕ್ಕ. ಆ ತಿಥಿಯ ದಿನದ ನಂತರ ನಾನು ಕೇಳಿದ ಅವನ ಮೊದಲ ನಗು. ತಾನು ಹೇಳಿದ್ದಂತೆಯೇ ಅವನು ಮನೆಯಲ್ಲಿ ಇರಲು ವಾಪಸಾಗಲಿಲ್ಲ. ಹಬ್ಬಕ್ಕೆ ಬರುತ್ತಿದ್ದ, ಬಚ್ಚಲಿಂದಲೇ ಬರುತ್ತಿದ್ದ. ಮುಂದೆ ಅಲ್ಲೇ ಸ್ವಂತ ಶೆಡ್ಡು ಹಾಕಿದ. ಸೋಂದೆಯ ಮಾವ ಆಮೇಲೆ ನಮ್ಮ ಮನೆಯಲ್ಲಿ ಉಣ್ಣಲಿಲ್ಲ. ಬಂದರೆ ಜಗಲಿಯಲ್ಲಿ ಕೂತು, ಎಲೆಯಡಿಕೆಯ ಕವಳ ಮಾತ್ರ ಹಾಕಿ ಹೋಗುತ್ತಿದ್ದ. ಅದು ಆಯಿಗೆ ಕಡೆಯವರೆಗೂ ಮುಳ್ಳಾಗಿಯೇ ಇತ್ತು. ಅವನು ಎದ್ದು ಹೋದ ಮೇಲೆ ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಸದ್ದು ಮಾಡಿ ಇಡುತ್ತಿದ್ದಳು. ಆದರೆ ಸಿದ್ದಾಪುರಕ್ಕೆ ಹೋಗುವುದನ್ನು ಬಿಡಲಿಲ್ಲ. ಹೆಸರಿನ ಅರ್ಥವನ್ನು ಮಾವನಿಗೆ ಹೇಳಬೇಕೆಂದು ನನಗೆ ಆಮೇಲೆ ಅನ್ನಿಸಲೂ ಇಲ್ಲ.

ಆ ಮೊದಲ ದಿನ ಸಂಜೆಗೆ ವಾಪಸು ಹೊರಟಾಗ ಶಿರಸಿಯಲ್ಲಿ ಯಲ್ಲಾಪುರದ ಬಸ್ಸಿಗೆ ನೂಕುನುಗ್ಗಲು. ನಮ್ಮ ಮನೆಯ ಹಿಂದಿನ ಬೀದಿಯ ಹೆಗಡೇರ ಹೆಂಡತಿ ಮೊದಲೇ ಕೂತಿದ್ದರು. ಸರಿದು ಆಯಿಗೆ ಜಾಗ ಕೊಟ್ಟರು. ಬಸ್ಸು ಊರು ದಾಟುವ ಹೊತ್ತಿಗೆ ಅವರು ಮೂಗು ಅರಳಿಸಿ ಅತ್ತ ಇತ್ತ ನೋಡಿದರು. ಸೀಟಿನ ಕೆಳಗೆ ಬಗ್ಗಿ ನೋಡಿದರು. ನಾನು ಆಯಿಯ ಸೀರೆಯ ಅಂಚಿಗೆ ಅಂಟಿದ್ದ ಹಳದಿ ಪುಕ್ಕವನ್ನು ಮೆಲ್ಲಗೆ ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

“ಎಂತ ವಾಸನೆನೇ ಇದು? ಕೋಳಿ ವಾಸನೆ ಬಂದಂಗೆ ಆಗ್ತಲೇ!”

ಬಸ್ಸಿನಲ್ಲಿ ಅರ್ಧ ಜನ ಗುರುತಿನವರು. ಆಯಿ ಸೆರಗು ಸರಿಪಡಿಸಿಕೊಂಡು, ಬೆಳಗಿನಿಂದ ಮೊದಲ ಸಲ ಸೀಟಿಗೆ ಬೆನ್ನು ಒರಗಿಸಿ ಕೂತಳು.

“ಎನ್ನದೇ ವಾಸನೆ” ಎಂದಳು. “ಮಗನ ಮನೆಗೆ ಹೋಗಿದ್ದೆ.”